ಹೊರಸಿಗೆ ಕನಸಿನ ಹಲಗೆ ಕಟ್ಟಿದ ಮೋನಪ್ಪ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆಯಾಚೆ ಒಂದೂರಿತ್ತು. ಆ ಊರಲ್ಲಿ ಮೋನಪ್ಪ ಅಂತ ಒಬ್ಬ ಬಡಿಗ ಇದ್ದ. ಅವನು ಮಾಡಿದ ಹೊರಸಿನ ಮೇಲೆ ಮಲಗಿದರೆ ಜಗಳಗಂಟಿಯೂ ನಗುತ್ತಾ ಏಳುತ್ತಿದ್ದಳಂತೆ. ನಾನು ಕಂಡವನಲ್ಲ, ಹೇಳುವವರು ಹಾಗೆ ಹೇಳುತ್ತಾರೆ. ಕೂತು ಕೇಳಿ, ನಡುವೆ ಬಾಯಿ ಹಾಕಬೇಡಿ.

ಮೋನಪ್ಪನ ಮನೆಯಲ್ಲಿ ಅವನ ಹೆಂಡತಿ ಈರಮ್ಮ, ತೀರಿಹೋದ ಅಣ್ಣನ ಹೆಂಡತಿ ಕಾಳವ್ವ, ಅವಳ ಮಗ, ಸೊಸೆ ಸೂಗವ್ವ ಇದ್ದರು. ಸೂಗವ್ವನಿಗೆ ಗಂಡುಮಗು ಹುಟ್ಟಿತು. ಆ ಊರಿನ ರೂಢಿ ಏನೆಂದರೆ, ಮಗು ಹುಟ್ಟಿದ ಮೇಲೆ ಮನೆಯ ಹಿರಿಯ ಹೆಂಗಸಿನ ಕನಸಿನಲ್ಲಿ ಸತ್ತ ಹಿರಿಯರೊಬ್ಬರು ಬರಬೇಕು. ಬಂದವರ ಹೆಸರೇ ಮಗುವಿಗೆ. ಹೆಸರಿಡುವ ತನಕ ತಾಯಿಯೂ ಮಗುವೂ ಹೊಸ್ತಿಲು ದಾಟುವಂತಿಲ್ಲ.

ಕಾಳವ್ವನಿಗೆ ದಿನಾ ಬೆಳಗಿನ ಜಾವ ಕನಸು ಬೀಳುತ್ತಿತ್ತು. ಯಾರೋ ಬರುತ್ತಲೂ ಇದ್ದರು. ಆದರೆ ಕಣ್ಣು ಬಿಟ್ಟ ಕೂಡಲೇ ಅವಳು ಹಿತ್ತಲಲ್ಲಿ ಕಟ್ಟಿದ್ದ ಆಡು ಬಿಚ್ಚಿದವರು ಯಾರು ಅಂತ ಬೈಯಲು ಶುರು ಮಾಡುತ್ತಿದ್ದಳು. ಬೈಗುಳ ಮುಗಿಯುವಷ್ಟರಲ್ಲಿ ಕನಸಿಗೆ ಬಂದವರು ಹೊರಟುಹೋಗಿರುತ್ತಿದ್ದರು. ಯಾವುದಾದರೂ ಒಂದು ಹೆಸರು ಹೇಳಿ ಮುಗಿಸು ಅಂತ ಊರವರು ಅಂದರು. ಸುಳ್ಳು ಹೇಳಿದರೆ ಹಿರಿಯರು ಮುನಿಯುತ್ತಾರೆ, ಸತ್ತರೂ ಹೇಳೆನು ಅಂದಳಂತೆ. ಅವಳ ಹಟಕ್ಕೆ ನನಗೆ ಸಿಟ್ಟೂ ಬರುತ್ತದೆ, ಅಭಿಮಾನವೂ ಆಗುತ್ತದೆ.

ಅಷ್ಟರಲ್ಲಿ ಮಗು ಬೋರಲು ಬಿತ್ತು, ಹಲ್ಲು ಬಂತು, ಅಂಬೆಗಾಲಿಟ್ಟಿತು. ಹೊಸ್ತಿಲ ಹತ್ತಿರ ಹೋದಾಗಲೆಲ್ಲ ಯಾರಾದರೂ ಕಾಲು ಹಿಡಿದು ಒಳಗೆ ಎಳೆಯುತ್ತಿದ್ದರು. ಆಮೇಲೆ ಹುಟ್ಟಿದ ಪಕ್ಕದ ಮನೆಯ ಕೂಸು ಹೆಸರಿಟ್ಟುಕೊಂಡು ತಾಯಿಯ ಸೊಂಟದ ಮೇಲೆ ಊರೆಲ್ಲ ಸುತ್ತುತ್ತಿತ್ತು. ಸೂಗವ್ವ ಬಾಗಿಲಲ್ಲಿ ನಿಂತು ಬೀದಿಯ ಬಿಸಿಲನ್ನೇ ನೋಡುತ್ತಿದ್ದಳು. ಒಂದು ದಿನ ಅವಳು, "ಸಣ್ಣಮಾವ, ನನ್ನ ಕೂಸು ಹೆಸರಿಲ್ದಂಗ ಮುದುಕ ಆಗ್ತದೇನ್ರಿ?" ಅಂತ ಕೇಳಿದಳು. ಮೋನಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಯೋಚನೆಗೆ ಕೂತ.

ಬಾಯಿ ತೆರೆದರೆ ತಾನೆ ಕನಸು ಓಡಿಹೋಗುವುದು? ಬಾಯಿ ತೆರೆಯುವ ಮೊದಲೇ ಕೈಯಿಂದ ಹಿಡಿಸಬೇಕು ಅಂದುಕೊಂಡ. ಒಂದು ಹಲಗೆ ಮಾಡಿ, ಮೇಲೆ ಹಸಿಮಣ್ಣು ಬಳಿದು, ಅತ್ತಿಗೆಯ ಹೊರಸಿನ ಪಕ್ಕಕ್ಕೆ ಕಟ್ಟಿದ. ಎಚ್ಚರವಾದ ಕೂಡಲೇ ಕಣ್ಣು ಬಿಡದೆ, ಕಂಡದ್ದನ್ನು ಬೆರಳಿನಿಂದ ಗೀಚು ಅಂತ ಹೇಳಿದ. ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ದುಂಡನೆಯ ರೊಟ್ಟಿ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ ಅದು, ಹಸಿಮಣ್ಣು ತಾಗಿದರೆ ಸುಮ್ಮನಿರುತ್ತದೆಯೇ? ಮರುದಿನವೂ ರೊಟ್ಟಿ, ಅದರ ಮರುದಿನವೂ ರೊಟ್ಟಿ. "ರೊಟ್ಟಿ ಛಲೋ ಬಂದಾವ, ಒಲಿ ಹಚ್ಚಲೇನು?" ಅಂತ ಈರಮ್ಮ ಗಂಡನನ್ನು ಕೇಳಿದಳಂತೆ.

ಮೋನಪ್ಪ ಮಣ್ಣು ಕೆರೆದು ಹಾಕಿದ. ಹಲಗೆಗೆ ಗೂಟ ಬಡಿದು, ಸತ್ತ ಹಿರಿಯರದೆಲ್ಲ ಒಂದೊಂದು ಬೊಂಬೆ ಕೆತ್ತಿ ತೂಗುಹಾಕಿದ. ಮೀಸೆಯವನಿಗೆ ಮೀಸೆ, ಗೂನು ಬೆನ್ನಿನವನಿಗೆ ಗೂನು, ಸವರಿದರೆ ಕೈಗೆ ಗೊತ್ತಾಗಬೇಕು. ಕಣ್ಣು ಮುಚ್ಚಿಕೊಂಡೇ, ಕನಸಿಗೆ ಬಂದವರನ್ನು ಹಿಡಿದುಕೋ ಅಂದ. ಯಾವ ಬೊಂಬೆ ಅಲ್ಲಾಡುತ್ತದೋ ನೋಡಲು ಹಲಗೆಗೇ ಒರಗಿ ಕೂತ. ಕೂತವನು ನಿದ್ದೆಹೋದ. ಬೆಳಗಾಗುವ ಹೊತ್ತಿಗೆ ಕಾಳವ್ವನ ಕೈ ಬೊಂಬೆಗಳನ್ನೆಲ್ಲ ತಡವಿ, ಸರಿಸಿ, ಮೋನಪ್ಪನ ಜುಟ್ಟು ಹಿಡಿಯಿತು.

ಅವತ್ತು ಕಾಳವ್ವ ಆಡಿನ ಸುದ್ದಿ ಎತ್ತಲಿಲ್ಲ. "ಹೌದು, ದಿನಾ ಬರಾಂವ ನೀನ ಅದಿ. ಕೂತು ತೊಟ್ಟಿಲಾ ಕೆತ್ತತಿದ್ದಿ," ಅಂದಳು. ಅವಳು ಸುಳ್ಳಾಡುವವಳಲ್ಲ ಅಂತ ಊರಿಗೇ ಗೊತ್ತು.

ಈಗ ಬಂತು ನೋಡಿ ಪೇಚು. ಬದುಕಿರುವವನ ಹೆಸರು ಮಗುವಿಗಿಟ್ಟರೆ ಅವನ ಆಯಸ್ಸು ಮಗುವಿಗೆ ಹೋಗುತ್ತದೆ ಅಂತ ಎಲ್ಲರೂ ನಂಬಿದ್ದರು, ಮೋನಪ್ಪನೂ ನಂಬಿದ್ದ. ಗಟ್ಟಿಮುಟ್ಟಾದ ಗಂಡನನ್ನು ಹೆಸರಿಗೋಸ್ಕರ ಕೊಡಲಾರೆ ಅಂತ ಈರಮ್ಮ ಅಡ್ಡ ನಿಂತಳು. ಊರ ಹಿರಿಯರು ತಲೆ ಕೆರೆದುಕೊಂಡರು. ಆಗ ಮಗು ಹೊಸ್ತಿಲ ಕಡೆ ಹರಿಯಿತು. ಸೂಗವ್ವ ರೂಢಿಯಂತೆ ಕಾಲು ಹಿಡಿದು ಎಳೆದಳು, ಮಗು ಅತ್ತಿತು. ಅದನ್ನು ನೋಡಿ ಮೋನಪ್ಪ, ಅಂಗಳದಲ್ಲಿ ಒಂದು ಚಾಪೆ ಹಾಸಿ, ಸತ್ತವನ ಹೆಸರೇ ತಾನೆ ಬೇಕು, ಹೆಸರಿಟ್ಟು ಮುಗಿಯುವ ತನಕ ನಾನು ಸತ್ತಿರುತ್ತೇನೆ ಅಂದ.

ಮಲಗಿ ಮುಖದ ಮೇಲೆ ಧೋತರ ಎಳೆದುಕೊಂಡ. ಊರವರು ಸುತ್ತ ಕೂತು ಗುಣಗಾನ ಮಾಡುತ್ತಾ ಅತ್ತರು. ಒಬ್ಬ, ಎಂಥಾ ಬಡಿಗ, ಗೌಡರ ಮನೆಯ ಮಂಚ ಒಂದು ಕಿರುಗುಟ್ಟುತ್ತದೆ ಅನ್ನುವುದು ಬಿಟ್ಟರೆ ಅಂದ. ಅದು ನಾನು ಮಾಡಿದ್ದಲ್ಲ ಅಂತ ಹೆಣ ಮುಸುಕಿನೊಳಗಿಂದಲೇ ಹೇಳಿತು. ಇದು ಸಾವಲ್ಲ ಅಂತ ಹಿರಿಯರು ಅವನನ್ನು ಎಬ್ಬಿಸಿ ಮೊದಲಿನಿಂದ ಸಾಯಿಸಿದರು.

ಸುಳ್ಳು ಸಾವಿಗೆ ಅಳುವುದಿಲ್ಲ ಅಂತ ಈರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಎರಡನೇ ಸಲ ಅವನು ಅಲ್ಲಾಡಲಿಲ್ಲ. ಧೋತರದ ಕೆಳಗೆ ಅವನ ಎರಡು ಪಾದ ಕಂಡವು. ಅವಳು ನಿಂತಲ್ಲೇ ಕುಸಿದು ನಿಜವಾಗಿ ಅತ್ತಳು. ಉಳಿದವರು ಅಳುವುದನ್ನು ನಿಲ್ಲಿಸಿದರು. ಒಳಗೆ ಕಾಳವ್ವ ಮಗುವಿನ ಕಿವಿಯಲ್ಲಿ ಮೋನಪ್ಪ ಅಂದಳು. ಈ ಸಲ ಯಾರೂ ಕಾಲು ಹಿಡಿಯಲಿಲ್ಲ. ಮಗು ಹೊಸ್ತಿಲು ದಾಟಿ, ಅಂಗಳಕ್ಕೆ ಹರಿದು, ಧೋತರ ಎಳೆಯಿತು. ಮೋನಪ್ಪ ಕಣ್ಣು ಬಿಟ್ಟು, ರೊಟ್ಟಿ ಆಯಿತೇ ಅಂತ ಕೇಳಿದನಂತೆ. ಆಮೇಲೆ ಎಷ್ಟೋ ಕಾಲ ಬದುಕಿದ. ಆ ಮಗುವಿನ ಮದುವೆಯ ಹೊರಸನ್ನೂ ಅವನೇ ಹೆಣೆದ.

ಇವತ್ತಿಗೂ ಆ ಊರಲ್ಲಿ ಹೆಸರಿಡುವ ದಿನ ಮನೆಯ ಮುದುಕನೊಬ್ಬ ಅಂಗಳದಲ್ಲಿ ಮುಸುಕು ಹಾಕಿಕೊಂಡು ಮಲಗುತ್ತಾನೆ. ಕೆಲವರು ಗೊರಕೆಯನ್ನೂ ಹೊಡೆಯುತ್ತಾರೆ. ನೆರೆಹೊರೆಯವರು ಅತ್ತಂತೆ ಮಾಡುತ್ತಾರೆ, ತಾಯಿ ಮಗುವಿನ ಕೈ ಹಿಡಿದು ಮುಸುಕು ಎಳೆಸುತ್ತಾಳೆ, ಆಮೇಲೆ ಊಟ. ಮಲಗಿದವನ ಹೆಂಡತಿಯನ್ನು ಮಾತ್ರ ಆ ಹೊತ್ತಿನಲ್ಲಿ ಏನೋ ಕೆಲಸ ಹೇಳಿ ಹಿತ್ತಲಿಗೆ ಕಳಿಸುತ್ತಾರೆ.