ಬಂದರಿಕೆ ಎಲೆಗೆ ಅಂಟು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಕೂತಲ್ಲಿ ಕೂರಲು ಕಲಿಯುತ್ತಿದ್ದವು. ಗಾಳಿ, ಗಿಡ, ಮನುಷ್ಯ ಎಲ್ಲರಿಗೂ ಒಂದೇ ಮಾತು. ಯಾರು ಕೂಗಿದರೂ ಯಾರಾದರೂ ಓಗೊಡುತ್ತಿದ್ದರು.

ಆಗ ಒಂದು ಕೆಂಪು ಬೆಟ್ಟದ ಮೇಲೆ ಗಾಳೆವ್ವ ಎಂಬ ಹೆಂಗಸು, ಅವಳ ಗಂಡ ಓಬಯ್ಯ ಇದ್ದರು. ಕಬ್ಬಿಣದ ಕಲ್ಲು ಅಗೆದು ಕುಲುಮೆಯಲ್ಲಿ ಕರಗಿಸುವುದು ಅವರ ಕಸುಬು. ಅಗೆಯುವವನು ಓಬಯ್ಯ, ಕುಲುಮೆ ಗಾಳೆವ್ವನದು. ಅವಳ ತಿದಿಯನ್ನು ಇನ್ನೊಬ್ಬರು ಮುಟ್ಟಿದರೋ, ಮುಗೀತು ಅವರ ಕಥೆ! ಅವಳವ್ವ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿ ಹೊಲಿದುಕೊಟ್ಟ ಕೆಂಚು ತೊಗಲಿನ ತಿದಿ ಅದು. ಅದರೊಳಗೆ ಗಾಳಿಯನ್ನು ಹಿಡಿದು ಒತ್ತಿದರೆ ಬೆಂಕಿ ಭುಗ್ಗೆನ್ನುತ್ತಿತ್ತು. ತೂತು ಬಿದ್ದರೆ ದಿಂಡಿಗದ ಮರದ ಅಂಟು ಬಳಿದು ಮುಚ್ಚುತ್ತಿದ್ದಳು.

ಕಲ್ಲು ಕರಗಿ ಕಬ್ಬಿಣ ಬಂದ ಮೇಲೆ ಕಿಟ್ಟ ಉಳಿಯುತ್ತದಲ್ಲ, ಆ ಬಿಸಿ ಕಿಟ್ಟ ಎಲ್ಲಿ ಸುರಿದರೂ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಅಗೆದ ಮಣ್ಣೂ ಹಾಗೇ ಕೂರುತ್ತದೆ ಅಂದುಕೊಂಡರು ಗಂಡ ಹೆಂಡತಿ. ಸುರಿದರು, ಸುರಿದರು, ಬೆಟ್ಟದ ಹೆಗಲ ಮೇಲೆಲ್ಲ ಸುರಿದರು. ಇದ್ದಿಲಿಗೆಂದು ಅಲ್ಲಿದ್ದ ಮರಗಳನ್ನೂ ಕಡಿದು ಮುಗಿಸಿದರು. ಕುಲುಮೆಯವರಿಗೆ ಕುಲುಮೆ ಬಿಟ್ಟರೆ ಬೇರೇನು ಕಾಣುತ್ತದೆ, ಹೇಳು ಮಗಾ!

ಒಂದು ಮಧ್ಯಾಹ್ನ ಬೆಟ್ಟ ನರಳಿತು. “ಗಾಳೆವ್ವಾ, ಮೈಯೆಲ್ಲ ಸಡಿಲಾಗೈತೆ ನೋಡವ್ವ. ದೊಡ್ಡ ಮಳೆ ಬಂದರೆ ಈ ಮಣ್ಣೆಲ್ಲ ಜಾರತೈತೆ. ಬುಡದಾಗಿರೋ ಒರತೆ ಮುಚ್ಚಿ ಹೋಗತೈತೆ.”

ಗಾಳೆವ್ವ ತಿದಿ ಬಿಟ್ಟು ಎದ್ದಳು. ಸುತ್ತಮುತ್ತ ನೀರು ಅಂತ ಇದ್ದದ್ದು ಆ ಒರತೆಯೊಂದೇ.

“ಬೇರೆ ಬೆಟ್ಟ ನೋಡಿಕೊಂಡರಾತು ಬಿಡು” ಅಂದ ಓಬಯ್ಯ.

“ನಾವೇನೋ ಹೋಗತೀವಿ. ನೀರಿಗೆ ಬರೋ ಮೊಲ, ನವಿಲು ಎಲ್ಲಿಗೆ ಹೋಗಬೇಕು? ಸುರಿದೋರು ನಾವು. ನಾಚಿಕೆ ಬ್ಯಾಡವಾ ನಿನಗೆ?” ಅಂತ ಬೈದು ಅವಳು ಕೆಳಗಿಳಿದಳು.

ಮೇಲೆ ಬಂದು ಬೇರಲ್ಲಿ ಮಣ್ಣು ಹಿಡಿ ಅಂತ ತೇಗದ ಮರವನ್ನು ಕರೆದಳು. “ನನಗೆ ಆಳದ ಮಣ್ಣು ಬೇಕವ್ವ” ಅಂತು ಅದು. ಆಲದ ಮರವನ್ನು ಕರೆದಳು. “ಮೊದಲು ಯಾರಾದರೂ ಹೋಗಿ ಚೂರು ನೆರಳು ಮಾಡಲಿ, ಆಮೇಲೆ ಬರತೀನಿ” ಅಂತು.

“ಅಕ್ಕಾ, ನಾನು ಬರಲಾ?”

ಯಾರಪ್ಪಾ ಅಂತ ನೋಡಿದರೆ ಕಲ್ಲಿನ ಸಂದಿಯಲ್ಲಿ ಬಂದರಿಕೆ ಗಿಡ. ಇದ್ದಿಲಿಗೂ ಆಗದ ಸಣಕಲು ಅಂತ ಗಾಳೆವ್ವ ಅದರ ಕಡೆ ಯಾವತ್ತೂ ತಿರುಗಿ ನೋಡಿದವಳಲ್ಲ.

“ಬರತೀನಿ ಅಕ್ಕಾ. ಆದರೆ ಆ ಬೋಳು ಬಿಸಿಲಿಗೆ ನನ್ನ ಎಲೆಯಾಗಿನ ನೀರು ಆರಿಹೋಗತೈತೆ.”

ಗಾಳೆವ್ವ ಅಂಟಿನ ಗಡಿಗೆ ತಂದಳು. ಎಲೆ ಎಲೆಗೂ ಬಳಿದಳು. “ಅಯ್ಯೋ, ತಿದಿಗೆ ಏನು ಬಳೀತೀಯೇ?” ಅಂತ ಓಬಯ್ಯ ಬಾಯಿ ಬಡಿದುಕೊಂಡ. ಅವಳು ಕೇಳಿಸಿಕೊಳ್ಳಲಿಲ್ಲ.

“ಇನ್ನೊಂದೈತೆ ಅಕ್ಕಾ. ನನ್ನ ಬೀಜ ನನ್ನ ಕಾಲಬುಡಕ್ಕೇ ಬೀಳತಾವೆ. ಮೇಲಕ್ಕೆ ಗಾಳಿಯೇ ಹೊತ್ತುಕೊಂಡು ಹೋಗಬೇಕು.”

ಗಾಳಿಗೆ ಸಿಟ್ಟು ಬಂತು. “ನಾನಾ? ದಿನಾ ನನ್ನನ್ನ ತೊಗಲಿನಾಗೆ ತುಂಬಿ ಹಿಂಡತಾಳೆ ಈಕೆ. ಈಕೆ ಕೆಲಸ ನಾನ್ಯಾಕೆ ಮಾಡಲಿ?”

ಅಷ್ಟರಲ್ಲಿ ಮೋಡ ಕವಿಯತೊಡಗಿತ್ತು. ಗಾಳೆವ್ವ ಗುಡಿಸಲಿಗೆ ಹೋಗಿ ತಿದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳವ್ವ ಹಾಕಿದ್ದ ಹೊಲಿಗೆಯ ಮೇಲೆ ಕೈಯಾಡಿಸಿ ಗಳಗಳ ಅತ್ತಳು. ಆಮೇಲೆ ಕುಡುಗೋಲು ತಗೊಂಡಳು.

ತಿದಿ ಚೂರು ಚೂರಾಯಿತು. ಒಂದೊಂದು ಚೂರನ್ನೂ ತೆಳ್ಳಗೆ ಸವರಿ, ಉಳಿದ ಅಂಟು ಹಚ್ಚಿ, ಬಂದರಿಕೆ ಕಾಯಿಗಳಿಗೆ ರೆಕ್ಕೆ ಕಟ್ಟಿದಳು.

“ನಿನ್ನ ಹಿಡಿಯೋ ಚೀಲ ಇನ್ನಿಲ್ಲಪ್ಪ” ಅಂದಳು ಗಾಳಿಗೆ. “ಒಯ್ಯೋದು, ಬಿಡೋದು ನಿನ್ನಿಷ್ಟ.”

ಗಾಳಿ ಹತ್ತಿರ ಬಂತು. ಒಂದು ಕೆಂಚು ರೆಕ್ಕೆಯನ್ನು ಎತ್ತಿ ನೋಡಿತು, ಮಗುಚಿ ನೋಡಿತು. ತನ್ನನ್ನು ಹಿಡಿದಿಟ್ಟಿದ್ದ ಅದೇ ತೊಗಲು! ಅದರ ಸಿಟ್ಟೆಲ್ಲ ಇಳಿದುಹೋಯಿತು. ಅಷ್ಟೂ ಬೀಜಗಳನ್ನು ಬಾಚಿಕೊಂಡು ಬೆಟ್ಟದ ಹೆಗಲ ತುಂಬ ಚೆಲ್ಲಿ ಬಂತು.

ಮೊದಲು ತುಂತುರು ಬಿತ್ತು. ಆಗಿನ ಬೀಜಗಳಿಗೆ ಕಾಯುವ ಅಭ್ಯಾಸ ಇನ್ನೂ ಆಗಿರಲಿಲ್ಲ. ಬಿದ್ದಲ್ಲೇ ಮೊಳೆತು ಬೇರು ಬಿಟ್ಟವು. ದೊಡ್ಡ ಮಳೆ ಬಂದಾಗ ಮಣ್ಣು ಅಲುಗಿತು, ಒಂಚೂರು ಜಾರಿತು, ಬೇರಿಗೆ ಸಿಕ್ಕಿ ನಿಂತೇಬಿಟ್ಟಿತು. ಒರತೆ ಸ್ವಲ್ಪ ಹೊತ್ತು ಕದಡಿ, ಮತ್ತೆ ತಿಳಿಯಾಯಿತು.

ಓಬಯ್ಯ ಬೊಗಸೆ ತುಂಬ ನೀರು ಕುಡಿದು, “ಕುಲುಮೆ ಹೋತಲ್ಲೇ” ಅಂದ.

“ಹೋತು” ಅಂದಳು ಗಾಳೆವ್ವ. “ನೀರು ಉಳೀತು. ಕುಡಿ.”

ಈಗಲೂ ಗಣಿ ನಿಂತ ಬೆಟ್ಟ ಹತ್ತಿ ನೋಡು ಮಗಾ. ಸೂರು ಹೋದ ಕಲ್ಲುಮನೆ, ತುಕ್ಕು ಹಿಡಿದ ಕಂಬಿ, ಬಿರುಕು ಬಿಟ್ಟ ನೀರಿನ ತೊಟ್ಟಿ, ಎಲ್ಲ ಅಲ್ಲೇ ಬಿಟ್ಟು ಜನ ಹೊರಟುಹೋಗಿರುತ್ತಾರೆ. ಅವುಗಳ ನಡುವೆ, ಬೆರಳಿಗೆ ಅಂಟುವ ಎಲೆ, ಕೆಂಚು ರೆಕ್ಕೆಯ ಕಾಯಿ ಹೊತ್ತುಕೊಂಡು, ಸಡಿಲ ಮಣ್ಣನ್ನು ಬೇರಲ್ಲಿ ಹಿಡಿದು, ಎಲ್ಲ ಮರಗಳಿಗಿಂತ ಮೊದಲು ಬಂದು ನಿಂತಿರುತ್ತದೆ ನೋಡು, ಅದೇ ಬಂದರಿಕೆ ಗಿಡ.