ಆಚೆಕೇರಿ ಕಟ್ಟೆ

ಮರಡಿಪೇಟೆಯಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಆಚೆಕೇರಿ ಕಟ್ಟೆಗೆ ದಾರಿ ತೋರಿಸುತ್ತಾರೆ. ಊರಿನ ನಟ್ಟನಡುವೆ, ನಾಲ್ಕು ಕೇರಿಗಳು ಕೂಡುವ ಜಾಗದಲ್ಲಿ, ಮುದಿ ಬೇವಿನ ಮರದ ಸುತ್ತ ಕಟ್ಟಿದ ದುಂಡನೆಯ ಕಲ್ಲುಕಟ್ಟೆ ಅದು. ನಡುವೆ ಇರುವುದಕ್ಕೆ ‘ಆಚೆಕೇರಿ’ ಎಂಬ ಹೆಸರೇಕೆ ಎಂದು ಬಂದವರೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ಒಮ್ಮೆ ಇಬ್ಬರು ವಿದ್ವಾಂಸರು ಬಂದು ಮೂರು ದಿನ ಅಳೆದರು, ಬರೆದರು, ನಮ್ಮೂರಿನ ಮಂಡಕ್ಕಿಯನ್ನೆಲ್ಲ ತಿಂದು ಮುಗಿಸಿದರು. ಹೆಸರಿನ ಗುಟ್ಟು ಮಾತ್ರ ಸಿಗಲಿಲ್ಲ. ನನ್ನನ್ನು ಕೇಳಿದ್ದರೆ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಹೇಳಿಬಿಡುತ್ತಿದ್ದೆ. ನಮ್ಮ ಮುತ್ತಜ್ಜನ ಮುತ್ತಜ್ಜ ಆ ಹೆಸರು ಹುಟ್ಟಿದ ಸಭೆಯಲ್ಲಿ ಕುಳಿತಿದ್ದವನು. ಕಟ್ಟೆಯ ಮೇಲೆ ಯಾರೂ ಜಾಗ ಕೊಡದೆ ಬೇವಿನ ಕೊಂಬೆಯಲ್ಲಿ ಕುಳಿತಿದ್ದನೆಂದು ಆಗದವರು ಹೇಳುತ್ತಾರೆ. ಇರಬಹುದು. ಮೇಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಹಿಂದೆ ಒಮ್ಮೆ ಗುಡ್ಡನಾಯಕನೆಂಬ ಪಾಳೆಯಗಾರ ಈ ಪೇಟೆಯನ್ನು ಆಳುತ್ತಿದ್ದ. ಅವನ ಮೀಸೆಯನ್ನು ತಿರುವಲು ಎಡಕ್ಕೊಬ್ಬ ಬಲಕ್ಕೊಬ್ಬ ಆಳಿದ್ದರು. ಇಬ್ಬರೂ ಬೇರೆ ಬೇರೆ ಕೇರಿಯವರಾದ್ದರಿಂದ ಅದು ಒಂದು ದಿನವೂ ಸಮನಾಗಿ ನಿಲ್ಲಲಿಲ್ಲ ಎನ್ನುತ್ತಾರೆ. ನೇಕಾರರು, ಕುಂಬಾರರು, ಗಾಣಿಗರು, ಮೇದರು ಹೀಗೆ ನಾಲ್ಕು ಕೇರಿ. ನಮ್ಮವರ ಜಗಳದ ಮುಂದೆ ಬೇರೆ ಊರಿನ ಜಗಳಗಳು ಬರೀ ಕುಶಲ ವಿಚಾರಣೆ. ಒಂದು ಬೇಸಗೆಯಲ್ಲಿ ನಾಯಕ ದೊಡ್ಡಕೆರೆಯಿಂದ ಪೇಟೆಯೊಳಕ್ಕೆ ಕಾಲುವೆ ತರಿಸಲು ಮನಸ್ಸು ಮಾಡಿ, ಅದು ಯಾವ ಕೇರಿಗೆ ಮೊದಲು ಹೋಗಬೇಕೆಂದು ಜನರನ್ನೇ ಕೇಳಿ ಬರಲು ಡಂಗುರದ ಓಬಳನನ್ನು ಕಳಿಸಿದ. ಓಬಳನಿಗೆ ಅರಮನೆಯ ಮಾತನ್ನು ಕೇರಿಗೆ ಸಾರಿ ಗೊತ್ತಿತ್ತೇ ಹೊರತು ಕೇರಿಯ ಮಾತನ್ನು ಅರಮನೆಗೆ ಮುಟ್ಟಿಸಿ ಗೊತ್ತಿರಲಿಲ್ಲ. ತಮಟೆ ಬಡಿದು “ನಿಮ್ಮ ಕೇರಿಗೆ ಏನು ಬೇಕು” ಎಂದು ಕೇಳುತ್ತ ಹೋದ. ನಾಲ್ಕು ಕಡೆಯೂ “ನಮಗೇ ಮೊದಲು” ಎಂದರು. ಆ ನಾಲ್ಕು ಮಾತನ್ನೂ ಹಾಗೆಯೇ ತಂದು ಒಪ್ಪಿಸಿದ. ನಾಯಕ ರೇಗಿದ. ಎಂಟು ದಿನದೊಳಗೆ ನಾಲ್ಕು ಕೇರಿಯೂ ಕೂಡಿ ಒಂದೇ ಮಾತು ತರಬೇಕು, ಇಲ್ಲವಾದರೆ ನೀರು ಅರಮನೆಯ ಹೂದೋಟಕ್ಕೆ ಎಂದುಬಿಟ್ಟ.

ದಿಕ್ಕು ತೋಚದ ಓಬಳ ಕೆಂಚವ್ವನ ಬಳಿಗೆ ಹೋದ. ಆಕೆ ಮೇದರ ಕೇರಿಯ ಸೂಲಗಿತ್ತಿ. ಊರಿನ ಎಲ್ಲ ಮನೆಯ ಒಳಕೋಣೆಗೂ ಹೋಗಿ ಬರುವವಳು ಅವಳೊಬ್ಬಳೇ. ಅವಳ ಕೇರಿಯ ಬಾವಿ ಕೆಟ್ಟಿತ್ತು. ಆ ವರ್ಷ ಅಲ್ಲಿ ಎರಡು ಹಸುಗೂಸುಗಳು ಹತ್ತು ದಿನವೂ ಉಳಿಯಲಿಲ್ಲ. ಅವಳ ಸೊಸೆಗೆ ಆಗ ಒಂಬತ್ತನೆಯ ತಿಂಗಳು.

“ಓಬಳಣ್ಣ, ನಿನಗೆ ಕೇಳೋದಕ್ಕೇ ಬರಲ್ಲ,” ಎಂದಳು ಕೆಂಚವ್ವ. “ತಮ್ಮ ಹೊಟ್ಟೆ ಸುದ್ದಿ ಯಾರಾದರೂ ಹೇಳ್ತಾರೆ. ಪಕ್ಕದ ಕೇರಿದು ಕೇಳು.”

“ಪಕ್ಕದ್ದು ಅವರಿಗೇನು ಗೊತ್ತು?”

“ಗೊತ್ತಿಲ್ಲ ಅನ್ನೋದಾದರೂ ಗೊತ್ತಾಗಲಿ.”

ಓಬಳ ನಾಲ್ಕು ಕೇರಿಯವರನ್ನೂ ಕಟ್ಟೆಗೆ ಕೂಡಿಸಿದ. ಹೀಗೆ ಅಲ್ಲಿ ಒಂದು ಕಟ್ಟುಪಾಡು ಹುಟ್ಟಿತು. ಅಲ್ಲಿ ಕುಳಿತವರು ತಮ್ಮ ಕೇರಿಯ ಮಾತೆತ್ತುವಂತಿಲ್ಲ. ತಮ್ಮ ಆಚೆಗಿನ ಕೇರಿಯ ಕಷ್ಟವನ್ನಷ್ಟೇ ಹೇಳಬೇಕು. ನೇಕಾರರ ಪಾಲಿಗೆ ಬಂದದ್ದು ಮೇದರ ಕೇರಿ. ನೇಕಾರರ ಹಿರಿಯ ಚೌಡಪ್ಪ ಊರಿಗೇ ದೊಡ್ಡ ಗಂಟಲಿನವನು. “ಮೇದರ ಕೇರಿ ಮಾತು ನಾನ್ಯಾಕೆ ಆಡಲಿ?” ಎಂದು ಎದ್ದು ನಿಂತ. ಕೆಂಚವ್ವ ನಗುತ್ತ, “ಆಡಬೇಡಪ್ಪ. ಹುಟ್ಟಿದಾಗಲೂ ನೀನು ಸುಮ್ಮನೆ ಬಾಯಿ ಬಿಟ್ಟವನಲ್ಲ. ತಲೆಕೆಳಗೆ ಹಿಡಿದು ಬೆನ್ನಿಗೆ ಎರಡು ಕೊಟ್ಟ ಮೇಲೇ ಅತ್ತಿದ್ದು. ಈಗಲೂ ಕಾಯ್ತೀನಿ,” ಎಂದಳು. ತನ್ನನ್ನು ತಲೆಕೆಳಗಾಗಿ ನೋಡಿದವಳ ಮುಂದೆ ವಾದ ಮಾಡುವುದು ಹೇಗೆ? ಚೌಡಪ್ಪ ಕುಳಿತ.

ಮೊದಲ ದಿನ ಯಾರೂ ಬಾಯಿ ತೆರೆಯಲಿಲ್ಲ. ಆಚೆಗಿನ ಕೇರಿಯ ಬಗ್ಗೆ ಹೇಳಲು ಯಾರ ಬಳಿಯೂ ಒಂದು ಮಾತಿರಲಿಲ್ಲ. ಆ ಮೌನದಲ್ಲಿ ಬೇವಿನ ಕಾಯಿ ಹಣ್ಣಾಗುವ ಸದ್ದು ಕೇಳಿಸಿತೆಂದು ಕೊಂಬೆಯ ಮೇಲಿದ್ದ ನಮ್ಮ ಹಿರಿಯರು ಹೇಳಿದ್ದಾರೆ. ಹೊತ್ತು ಇಳಿದಾಗ ಎಲ್ಲರೂ ಮುಖ ತಗ್ಗಿಸಿ ಎದ್ದರು. ಮರುದಿನದಿಂದ ಕುಂಬಾರರು ಗಾಣದ ಮನೆ ಇಣುಕಿದರು, ಗಾಣಿಗರು ಮಗ್ಗದ ಗುಂಡಿಯ ಪಕ್ಕ ಕುಳಿತು ಬಂದರು. ಚೌಡಪ್ಪ ಮಾತ್ರ ಮನೆಯ ಜಗಲಿ ಇಳಿಯಲಿಲ್ಲ. ಆರು ದಿನ ಕಳೆಯಿತು. “ನಿನ್ನ ಕೇರಿ ಬಾವಿದು ನೀನೇ ಹೇಳಿಬಿಡವ್ವ,” ಎಂದ ಓಬಳ. “ನಾನು ಹೇಳಿದರೆ ಅದು ಮತ್ತೆ ‘ನಮಗೇ ಮೊದಲು’ ಅಂತಲೇ ಆಗುತ್ತೆ,” ಎಂದಳು ಕೆಂಚವ್ವ. ಅವಳು ಹಾಕಿದ ಕಟ್ಟು ಅವಳ ಬಾಯನ್ನೇ ಕಟ್ಟಿತ್ತು. ಮನೆಗೆ ಬಂದರೆ ಸೊಸೆಯ ಮುಖ ನೋಡಲಾರಳು.

ಏಳನೆಯ ದಿನ ಮಧ್ಯಾಹ್ನ, ಗಡುವಿಗೆ ಒಂದೇ ದಿನ ಉಳಿದಾಗ, ಚೌಡಪ್ಪ ಮೇದರ ಕೇರಿಗೆ ಬಂದ. ಬಿದಿರು ಸೀಳುತ್ತಿದ್ದವರು ಯಾರೂ ಏಳಲಿಲ್ಲ. ಕುಡಿಯಲು ನೀರು ಕೇಳಿದ. ಕೆಂಚವ್ವನ ಸೊಸೆ ಹೊಟ್ಟೆ ಹೊತ್ತು ಎದ್ದು ಕಂಚಿನ ಚೊಂಬಿನಲ್ಲಿ ಕೊಟ್ಟಳು. ನೀರು ತಿಳಿನೀಲಿಯಾಗಿತ್ತು. ಅದು ಯಾರ ಮನೆಯ ಬಣ್ಣದ ಬಾನಿಯ ನೀಲಿಯೆಂದು ನೂಲಿಗೆ ಬಣ್ಣ ಕಟ್ಟುವವನಿಗೆ ಹೇಳಿಕೊಡಬೇಕೆ? ಅವನು ಚೆಲ್ಲಲಿಲ್ಲ. ಪೂರ್ತಿ ಕುಡಿದು, ಚೊಂಬು ಕೆಳಗಿಟ್ಟು ಹೋದ.

ಎಂಟನೆಯ ದಿನ ಕಟ್ಟೆಯ ಮೇಲೆ ಮೊದಲು ಎದ್ದವನು ಅವನೇ. “ಮೇದರ ಬಾವಿಗೆ ಇಳೀತಿರೋದು ನಮ್ಮ ಬಣ್ಣದ ನೀರು. ಕಾಲುವೆ ಮೊದಲು ಅಲ್ಲಿಗೆ ಹೋಗಲಿ. ನಮಗೆ ಕೊನೆಗೆ ಬರಲಿ. ಕೊನೆಗಿದ್ದರೆ ನಮ್ಮ ನೀಲಿ ಯಾರ ಬಾಯಿಗೂ ಹೋಗಲ್ಲ.” ಹಿಂದಿನಿಂದ ಅವನ ಕೇರಿಯವನೇ ಒಬ್ಬ, “ಅಣ್ಣ, ನೀನು ಯಾವ ಕೇರಿಯವನು?” ಎಂದು ಚುಚ್ಚಿದ. “ಈ ಕಟ್ಟೆ ಮೇಲೆ ಕೂತಿರೋವರೆಗೆ ಆಚೆಕೇರಿಯವನು,” ಎಂದ ಚೌಡಪ್ಪ. ಉಳಿದ ಕೇರಿಯವರೂ ಅವನ ಮಾತಿಗೇ ಕೈ ಎತ್ತಿದರು. ಕಟ್ಟೆಗೆ ಹೆಸರು ಬಂದದ್ದು ಅಂದಿನಿಂದ ಎನ್ನುತ್ತಾರೆ. ಓಬಳ ಮೊದಲ ಸಲ ಒಂದೇ ಮಾತು ಹೊತ್ತು ಅರಮನೆಗೆ ಹೋದ. ಕಾಲುವೆ ಹನ್ನೆರಡು ದಿನದಲ್ಲಿ ಮುಗಿಯಿತು, ಕೆಂಚವ್ವನ ಮೊಮ್ಮಗಳು ಹದಿಮೂರನೆಯ ದಿನ ಹುಟ್ಟಿದಳು. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ.

ಈಗ ಕಾಲುವೆಯ ಮೇಲೆ ಚಪ್ಪಡಿ ಬಿದ್ದಿದೆ, ಕೇರಿಗಳಿಗೆ ವಾರ್ಡಿನ ನಂಬರು ಬಂದಿದೆ. ಆದರೂ ಪುರಸಭೆಯವರು ಜನರ ಅಹವಾಲು ಕೇಳಲು ಈ ಕಟ್ಟೆಗೇ ಬರಬೇಕು; ಇಲ್ಲಿ ಇಂದಿಗೂ ತನ್ನ ಬೀದಿಯ ದೀಪದ ಮಾತನ್ನು ತಾನೇ ಎತ್ತುವಂತಿಲ್ಲ. ಸಭೆಯ ಹಿಂದಿನ ದಿನ ಬಂದ ಪರವೂರಿನವರು ಬೆರಗಾಗುತ್ತಾರೆ: ಹಿರಿಯರು ತಮ್ಮದಲ್ಲದ ಬೀದಿಗಳಲ್ಲಿ ಅಲೆಯುತ್ತ, ಚರಂಡಿಗೆ ಬಗ್ಗಿ ನೋಡುತ್ತ, ಕಂಡವರ ನಲ್ಲಿಗೆ ಬೊಗಸೆ ಒಡ್ಡುತ್ತಿರುತ್ತಾರೆ. ಏನು ಕಳೆದುಕೊಂಡಿರಿ ಎಂದು ಕೇಳಿದರೆ ಕೂಡಲೇ ಉತ್ತರ ಬರುವುದಿಲ್ಲ. ಬಾಯಲ್ಲಿ ಆ ಕೇರಿಯ ನೀರಿರುತ್ತದೆ. ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿ, ಮೊದಲು ನುಂಗುತ್ತಾರೆ.