ಬೈಯುವವರಿಗಾಗಿ ತೆರೆದ ಬಾಗಿಲು

“ಬುದ್ಧಿ, ನಾನು ತಮಿಳು ಕಲಿತದ್ದಾಯಿತು. ಒಂದು ಗಂಟೆ ಎಲ್ಲಿಯೂ ತಡವರಿಸದೆ ಪ್ರವಚನ ಹೇಳಬಲ್ಲೆ. ಹಬ್ಬಹರಿದಿನಗಳಲ್ಲಿ ಹೋಗಿ ಹೇಳಿಯೂ ಬಂದಿದ್ದೇನೆ; ಜನ ಕೈಮುಗಿದು ಕೇಳುತ್ತಾರೆ. ಆದರೂ ಆ ಮಠಕ್ಕೆ ನನ್ನನ್ನು ಏಕೆ ಕಳಿಸುತ್ತಿಲ್ಲ?”

ಶಾಂತಮಲ್ಲ ಹೀಗೆ ಕೇಳಿದಾಗ ಗುರುಗಳು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಘಟ್ಟದ ಕೆಳಗೆ, ತಮಿಳು ಮಾತನಾಡುವ ಊರೊಂದರಲ್ಲಿ, ಅವರ ಮಠದ ಶಾಖೆಯಿತ್ತು. ಅಲ್ಲಿನ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಆ ಮಠ ಬರಿದಾಗಿತ್ತು. ತನ್ನನ್ನೇ ಅಲ್ಲಿಗೆ ಕಳಿಸಬೇಕೆಂಬುದು ಶಾಂತಮಲ್ಲನ ಆಸೆ.

“ಎಲ್ಲಿ, ಹೇಳು ನೋಡೋಣ” ಎಂದರು ಗುರುಗಳು.

ಶಿಷ್ಯ ಪ್ರವಚನ ಹೇಳಿದ. ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಗುರುಗಳು ಕಣ್ಣು ಮುಚ್ಚಿ ಕೇಳಿದರು, ನಡುವೆ ತಲೆಯನ್ನೂ ತೂಗಿದರು. ಮುಗಿದ ಮೇಲೆ, “ಭಲೇ! ಚೆನ್ನಾಗಿ ಕಲಿತಿದ್ದೀಯ. ಈಗ ನಾನೊಂದು ಕತೆ ಹೇಳುತ್ತೇನೆ. ನಿನ್ನದನ್ನು ನಾನು ಪೂರ್ತಿ ಕೇಳಿದೆನಲ್ಲ, ನೀನೂ ಪೂರ್ತಿ ಕೇಳಬೇಕು. ನಡುವೆ ಬಾಯಿ ಹಾಕಬಾರದು” ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಹೆಂಗಸಿದ್ದಳು. ಅವಳದು ಆಟಗಳ ಅಂಗಡಿ. ಆಟವೆಂದರೆ ಚೆಂಡು, ಬುಗುರಿ ಅಲ್ಲಪ್ಪ. ಈಗಿನವರು ಕಂಪ್ಯೂಟರಿನಲ್ಲಿ ಆಡುತ್ತಾರಲ್ಲ, ಅವು. ಅಂಗಡಿಯೂ ಬೀದಿಯಲ್ಲಿರಲಿಲ್ಲ, ಇಂಟರ್ನೆಟ್ಟಿನಲ್ಲಿತ್ತು. ಗಿರಾಕಿ ಎಲ್ಲೋ ಕುಳಿತು ದುಡ್ಡು ಕಟ್ಟುತ್ತಾನೆ, ಆಟ ಅವನ ಕಂಪ್ಯೂಟರಿಗೆ ಹೋಗಿ ಇಳಿಯುತ್ತದೆ. ಅವನ ಮುಖ ಇವಳು ನೋಡುವುದಿಲ್ಲ, ಇವಳ ಮುಖ ಅವನು ನೋಡುವುದಿಲ್ಲ. ಅವಳ ಹೆಸರೇನು, ಯಾವ ಊರು ಎಂದು ಕೇಳಬೇಡ. ಹೆಸರು ಹೇಳಿದರೆ ನೀನು ಕತೆ ಬಿಟ್ಟು ಹೆಸರು ಹಿಡಿದುಕೊಂಡು ಕೂರುತ್ತೀಯ.

ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಅದಕ್ಕೆ ಕಾರಣವಿತ್ತು. ಆಟ ಬರಲಿಲ್ಲ, ನಡುವೆ ನಿಂತುಹೋಯಿತು ಎಂದು ಯಾರಾದರೂ ಕನ್ನಡದಲ್ಲಿ ಬರೆದರೆ ಅವಳು ತಾನೇ ಓದಿ ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದಳು. ಹಿಂದಿಯಲ್ಲಿ ಬರೆದರೆ ಹಿಂದಿಯಲ್ಲಿ. ಬೈದರೆ ಬೈಸಿಕೊಳ್ಳುತ್ತಿದ್ದಳು. ತಪ್ಪು ತನ್ನದಾಗಿದ್ದರೆ ‘ತಪ್ಪಾಯಿತು’ ಎಂದು ಹೇಳಿ ಸರಿಮಾಡಿ ಕೊಡುತ್ತಿದ್ದಳು. ಇದೇನು ದೊಡ್ಡ ವಿದ್ಯೆಯೇ ಎನ್ನಬಹುದು ನೀನು. ಅಲ್ಲ, ಆದರೆ ಎಷ್ಟು ಜನ ಮಾಡುತ್ತಾರೆ?

ಕ್ರಮೇಣ ಜರ್ಮನ್ ಮಾತನಾಡುವ ಗಿರಾಕಿಗಳೂ ಬರತೊಡಗಿದರು. ಜರ್ಮನಿಯವರು, ಆಸ್ಟ್ರಿಯಾದವರು, ಸ್ವಿಟ್ಜರ್ಲೆಂಡಿನ ಕೆಲವರು. ಅಂಗಡಿಯಲ್ಲಿ ಅವರ ಭಾಷೆ ಇರಲಿಲ್ಲ. ಬಂದಷ್ಟು ಇಂಗ್ಲಿಷಿನಲ್ಲಿ ತಡಕಾಡಿ ಕೊಳ್ಳುತ್ತಿದ್ದರು. ವ್ಯಾಪಾರಿಗೆ ಒಬ್ಬ ತಮ್ಮನಿದ್ದ, ಅಂಗಡಿಯಲ್ಲಿ ಅವಳ ಬಲಗೈ. ಇಷ್ಟು ಕಷ್ಟಪಟ್ಟು ಬರುವವರಿಗೆ ಅವರ ಭಾಷೆಯಲ್ಲೇ ಅಂಗಡಿ ತೆರೆದರೆ ಇನ್ನೆಷ್ಟು ಜನ ಬಂದಾರು ಎಂದು ಅವನಿಗೆ ಹೊಳೆಯಿತು. ಅಕ್ಕ ಒಪ್ಪಿದಳು.

ತಮ್ಮ ಸೋಮಾರಿಯಲ್ಲ. ವರ್ಷವಿಡೀ ದುಡಿದ. ಕಾಲೇಜಿನಲ್ಲಿ ಜರ್ಮನ್ ಕಲಿಸಿದ ಮೇಡಂ ಒಬ್ಬರನ್ನು ಕರೆತಂದು, ಒಂದೊಂದು ಆಟದ ವರ್ಣನೆಯನ್ನೂ ಆ ಭಾಷೆಗೆ ಇಳಿಸಿದ. ಕ್ರಿಸ್‌ಮಸ್‌ಗೆ ಮೊದಲು ಅಂಗಡಿ ತೆರೆಯಬೇಕೆಂದು ಗೊತ್ತುಮಾಡಿದ. ಆ ದೇಶಗಳಲ್ಲಿ ಜನ ಉಡುಗೊರೆಗೆಂದು ಕೊಳ್ಳುವುದು ಆಗಲೇ. ಅಲ್ಲದೆ ಗಂಡಹೆಂಡತಿ ಇಬ್ಬರು ಬಹಳ ವರ್ಷ ಕೂತು ಕಟ್ಟಿದ ಒಂದು ಆಟವಿತ್ತು. ಅಂಗಡಿಯಲ್ಲಿ ಅದಕ್ಕಿಂತ ಚೆಂದದ ಆಟ ಇನ್ನೊಂದಿರಲಿಲ್ಲ. ಈ ಹಬ್ಬಕ್ಕೆ ನಮ್ಮ ಆಟ ಜರ್ಮನ್ನರ ಕೈ ಸೇರಬೇಕು, ಸೇರದಿದ್ದರೆ ಬೇರೆ ಅಂಗಡಿಗೆ ಕೊಡುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಸೇರಿಸುತ್ತೇನೆ ಎಂದು ತಮ್ಮ ಮಾತು ಕೊಟ್ಟಿದ್ದ.

ಎಲ್ಲ ಸಿದ್ಧವಾಯಿತು. ನಾಳೆ ತೆರೆಯುವುದೆಂದರೆ ಇಂದು ಬೆಳಗ್ಗೆ ವ್ಯಾಪಾರಿ ಆ ಮೇಡಂ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಗಿರಾಕಿಯಂತೆ ಒಂದು ಆಟ ಕೊಳ್ಳಿರೆಂದಳು. ಅವರು ಕೊಂಡರು. ಎಲ್ಲೂ ಎಡವಲಿಲ್ಲ. ತಮ್ಮನ ಮುಖ ಅರಳಿತು.

“ಈಗ ಆ ಆಟ ಶುರುವಾಗುತ್ತಿಲ್ಲ ಅಂದುಕೊಳ್ಳಿ ಮೇಡಂ. ನನ್ನನ್ನು ಬೈಯಿರಿ” ಎಂದಳು ವ್ಯಾಪಾರಿ.

ಮೇಡಂ ಸಂಕೋಚಪಟ್ಟರು. ಒತ್ತಾಯಿಸಿದ ಮೇಲೆ ಜರ್ಮನಿನಲ್ಲಿ ನಾಲ್ಕು ಮಾತು ಖಾರವಾಗಿಯೇ ಬರೆದರು. ತಮ್ಮ ಅದಕ್ಕೂ ಯಂತ್ರವಿಟ್ಟಿದ್ದ. ತಕ್ಷಣ ಉತ್ತರ ಬಂತು: ನಿಮ್ಮ ಸಂದೇಶಕ್ಕೆ ಧನ್ಯವಾದಗಳು, ನಮ್ಮ ಹೊಸ ಆಟಗಳನ್ನೂ ನೋಡಿ. ಅವರು ಮತ್ತೆ ಬರೆದರು. ಮತ್ತೆ ಅದೇ ಧನ್ಯವಾದ, ಮತ್ತೆ ಅದೇ ಹೊಸ ಆಟ. ಮೇಡಂ ಆ ಪುಟ ಮುಚ್ಚಿ ಕಾಫಿ ಲೋಟ ಕೈಗೆತ್ತಿಕೊಂಡರು.

“ಯಾಕೆ ಮೇಡಂ, ನಿಲ್ಲಿಸಿಬಿಟ್ಟಿರಿ?”

“ಇನ್ನೇನು ಬರೆಯಲಮ್ಮ? ಗೋಡೆಯ ಜೊತೆ ಮಾತಾಡಿದ ಹಾಗಾಯಿತು. ನಿಜವಾದ ಗಿರಾಕಿಯಾಗಿದ್ದರೆ ಎದ್ದು ಹೋಗುತ್ತಿದ್ದೆ. ನೀವು ಪಾಪ, ಇವಳು ಸುಖವಾಗಿ ಆಡಿಕೊಂಡಿದ್ದಾಳೆ ಎಂದುಕೊಂಡಿರುತ್ತಿದ್ದಿರಿ.”

ಜರ್ಮನ್ನರು ವ್ಯಾಪಾರಿಯ ಅಂಗಡಿಯಲ್ಲಿ ಕೊಳ್ಳಲು ಶುರುಮಾಡಿ ಕೆಲವು ವರ್ಷಗಳೇ ಆಗಿದ್ದವು. ಅವರಿಂದ ಒಂದು ದೂರೂ ಬಂದಿರಲಿಲ್ಲ. ‘ಗಿರಾಕಿಗಳೆಂದರೆ ಅವರು ನೋಡು, ಒಂದು ತಕರಾರಿಲ್ಲ’ ಎಂದು ಅಕ್ಕತಮ್ಮ ಇಬ್ಬರೂ ಹೊಗಳುತ್ತಿದ್ದರು. ಅಷ್ಟೂ ಜನ ಸುಖವಾಗಿದ್ದರೋ, ಇಲ್ಲ ಸುಮ್ಮನೆ ಎದ್ದು ಹೋಗಿದ್ದರೋ ಎಂಬುದು ಈಗ ಅವಳಿಗೆ ಗೊತ್ತಾಗಲಿಲ್ಲ.

ಅವಳು ಅಲ್ಲೇ ತೀರ್ಮಾನಿಸಿದಳು. ನಾಳೆ ಮಾರಾಟಕ್ಕೆ ತೆರೆಯುವುದು ಬೇಡ. ಮೊದಲು ದೂರಿಗೆ ತೆರೆಯೋಣ.

ತಮ್ಮ ಹಾರಿಬಿದ್ದ. “ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಹಬ್ಬ ಕಳೆದ ಮೇಲೆ ಅಂಗಡಿ ತೆಗೆದು ನೊಣ ಹೊಡೆಯಲಾ? ಅವರಿಗೆ ನಾನು ಮಾತು ಕೊಟ್ಟಿದ್ದೇನೆ!”

“ಗೊತ್ತು ಕಣೋ. ಮುರಿದವಳು ನಾನು ಅಂತ ನಾನೇ ಹೋಗಿ ಹೇಳುತ್ತೇನೆ. ಆದರೆ ಬೈದದ್ದು ಕೇಳಿಸದ ಕಡೆ ಕೂತು ಮಾರುವುದಕ್ಕೆ ನನ್ನ ಕೈಲಾಗದು.”

ಹೋಗಿ ಹೇಳಿದಳು ಕೂಡ. ಗಂಡಹೆಂಡತಿ ಬೇಜಾರಿನಿಂದಲೇ ಆಟವನ್ನು ಬೇರೆ ಅಂಗಡಿಗೆ ಕೊಟ್ಟರು. ಆ ಹಬ್ಬದಲ್ಲಿ ಅದು ಅಲ್ಲಿ ಬಿಸಿಬಿಸಿ ಮಾರಿಹೋಯಿತು. ತಮ್ಮ ಮುಖ ಊದಿಸಿಕೊಂಡು ಓಡಾಡಿದ, ಅಕ್ಕನ ಜೊತೆ ಮಾತು ಬಿಟ್ಟ. ವ್ಯಾಪಾರಿಯೇನು ಕಲ್ಲಲ್ಲ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿದೆನೇನೋ ಎಂದು ಅತ್ತಳು. ಅತ್ತು, ಮುಖ ತೊಳೆದುಕೊಂಡು, ಬಂದು ಕೆಲಸಕ್ಕೆ ಕೂತಳು.

ಏನು ಕೆಲಸ ಎಂದೆಯಾ? ಜರ್ಮನಿನಲ್ಲಿ ಒಂದೇ ಒಂದು ಪುಟ ಮಾಡಿಸಿದಳು. ಅದರಲ್ಲಿ ಮಾರಾಟಕ್ಕೆ ಏನೂ ಇರಲಿಲ್ಲ. ‘ನಮ್ಮಲ್ಲಿ ಕೊಂಡಾಗ ನಿಮಗೆ ಏನು ಸರಿಬರಲಿಲ್ಲವೋ ನಿಮ್ಮ ಭಾಷೆಯಲ್ಲೇ ಬರೆಯಿರಿ. ಯಂತ್ರ ಓದುವುದಿಲ್ಲ, ನಾವೇ ಓದುತ್ತೇವೆ’ ಎಂದಷ್ಟೇ ಇತ್ತು. ಹಿಂದೆ ಕೊಂಡಿದ್ದ ಎಲ್ಲ ಜರ್ಮನ್ ಗಿರಾಕಿಗಳಿಗೂ ಅದನ್ನು ಕಳಿಸಿದಳು.

ಅಯ್ಯಯ್ಯೋ, ಬಂದವು ನೋಡು! ಅಷ್ಟು ದಿನ ನುಂಗಿಕೊಂಡದ್ದೆಲ್ಲ ಬಂತು. ನಮ್ಮ ದೇಶದಲ್ಲಿ ಯಾವ ವಯಸ್ಸಿನವರಿಗೆ ಯಾವ ಆಟ ಎಂದು ಮೇಲೆಯೇ ಬರೆದಿರುತ್ತಾರೆ, ನಿಮ್ಮಲ್ಲಿ ಬರೆದಿರಲಿಲ್ಲ, ನನ್ನ ಪುಟ್ಟ ಮಗಳು ರಕ್ತ ನೋಡಿ ಹೆದರಿ ಜ್ವರ ಬಂದು ಮಲಗಿದಳು ಎಂದು ಒಬ್ಬ ತಂದೆ ಬರೆದ. ವಿಯೆನ್ನಾದ ಒಬ್ಬ ಹೆಂಗಸಂತೂ ಬಾಯಿಗೆ ಬಂದ ಹಾಗೆ ಬೈದಿದ್ದಳು. ಮೊದಲು ಒಂದು ಬೆಲೆ ತೋರಿಸುತ್ತೀರಿ, ಕೊನೆಗೆ ತೆರಿಗೆ ಎಂದು ಇನ್ನಷ್ಟು ಸೇರಿಸುತ್ತೀರಿ, ನಮ್ಮಲ್ಲಿ ತೋರಿಸಿದ್ದೇ ಬೆಲೆ, ನೀವು ಮೋಸಗಾರರು ಎಂದು. ಸಹಾಯ ಕೇಳಲು ಬಂದಾಗಲೆಲ್ಲ ನೀವು ಮಲಗಿರುತ್ತೀರಿ ಎಂದು ಸ್ವಿಟ್ಜರ್ಲೆಂಡಿನ ಒಬ್ಬ ಗೊಣಗಿದ.

ಮೇಡಂ ಓದಿ ಹೇಳುತ್ತಿದ್ದರು, ವ್ಯಾಪಾರಿ ಕೇಳುತ್ತಿದ್ದಳು. ಬೈಗುಳವನ್ನೆಲ್ಲ ಅವಳು ತಡೆದುಕೊಂಡಳು. ಆದರೆ ಬೈಯದೆ ಬರೆದ ಒಬ್ಬ ಮುದುಕನ ಮಾತು ತಡೆಯಲಾಗಲಿಲ್ಲ. ಅವನು ಕೊಂಡ ಆಟ ಅವನಿಗೆ ಬಂದೇ ಇರಲಿಲ್ಲ. ‘ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ನಾನೇ ಏನೋ ತಪ್ಪು ಒತ್ತಿರಬೇಕು ಎಂದು ನಾಚಿಕೆಯಾಗಿ ಸುಮ್ಮನಿದ್ದೆ. ದುಡ್ಡು ಕಟ್ಟಿ ಇನ್ನೊಮ್ಮೆ ಕೊಂಡೆ’ ಎಂದು ಬರೆದಿದ್ದ. ತಪ್ಪು ಅವನದಲ್ಲ, ಅಂಗಡಿಯದು. ವ್ಯಾಪಾರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಮಾತು ಬಿಟ್ಟಿದ್ದ ತಮ್ಮ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ಒಳಗೆ ಬಂದು ಅಕ್ಕನ ಪಕ್ಕ ಕುಳಿತ. “ಈ ಅಜ್ಜನಿಗೆ ನಾನು ಬರೆಯುತ್ತೇನೆ ಅಕ್ಕ” ಎಂದ.

ಆಮೇಲೆ ಮೂವರೂ ಕೂತು ದುಡಿದರು. ಕೊಡಬೇಕಾದ್ದನ್ನು ಹಿಂದಕ್ಕೆ ಕೊಟ್ಟರು. ತೋರಿಸಿದ್ದೇ ಬೆಲೆ ಎಂದು ಮಾಡಿದರು. ಪ್ರತಿ ಆಟದ ಮೇಲೂ ವಯಸ್ಸು ಬರೆದರು. ಅವರು ಎದ್ದಿರುವ ಹೊತ್ತಿಗೆ ತಾವೂ ಎದ್ದಿರುವಂತೆ ಸರದಿ ಹಾಕಿಕೊಂಡರು. ಧನ್ಯವಾದ ಹೇಳುವ ಯಂತ್ರವನ್ನು ತಮ್ಮನೇ ಕಿತ್ತುಹಾಕಿದ. ವ್ಯಾಪಾರಿ ಮೇಡಂ ಹತ್ತಿರ ಜರ್ಮನ್ ಕಲಿಯತೊಡಗಿದಳು. ಜನ ಬೇರೆ ಭಾಷೆ ಕಲಿಯುವಾಗ ನಮಸ್ಕಾರದಿಂದ ಶುರುಮಾಡುತ್ತಾರೆ. ಅವಳು ಮೊದಲು ಕಲಿತದ್ದು ‘ತಪ್ಪಾಯಿತು, ಏನಾಯಿತು ಹೇಳಿ’ ಎನ್ನುವುದನ್ನು. ಅದನ್ನು ಕೇಳಿದಾಗ ನನಗೆ ಎದ್ದು ಹೋಗಿ ಆ ತಾಯಿಗೆ ಕೈಮುಗಿದು ಬರಬೇಕೆನ್ನಿಸಿತು, ಸುಳ್ಳಲ್ಲ.

ಬೇಸಿಗೆಯಲ್ಲಿ ಅಂಗಡಿ ಜರ್ಮನಿನಲ್ಲಿ ತೆರೆಯಿತು. ಹಬ್ಬವಿಲ್ಲ, ಉಡುಗೊರೆಯ ಕಾಲವಲ್ಲ. ಬೆಳಗ್ಗೆಯಿಂದ ಯಾರೂ ಬರಲಿಲ್ಲ. ತಮ್ಮ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಚಡಪಡಿಸಿದ. ಮಧ್ಯಾಹ್ನ ಮೊದಲ ಗಿರಾಕಿ ಬಂದಳು. ಯಾರು ಎಂದುಕೊಂಡೆ? ಮೋಸಗಾರರು ಎಂದು ಬೈದಿದ್ದಳಲ್ಲ, ಆ ವಿಯೆನ್ನಾದ ಹೆಂಗಸು. ಆಟ ಕೊಂಡಳು. ಕೊಂಡು, ಕೆಳಗೆ ಎರಡು ಸಾಲು ಬರೆದಳು: ಅಕ್ಷರ ಚಿಕ್ಕದಾಗಿದೆ, ಈ ಬಣ್ಣ ಕಣ್ಣಿಗೆ ಚುಚ್ಚುತ್ತದೆ, ಇದನ್ನು ನೋಡುವವರು ಯಾರೂ ಇಲ್ಲವೇ ಅಲ್ಲಿ?

“ಅಕ್ಕಾ, ಬೈದಿದ್ದಾರೆ! ಬೈದಿದ್ದಾರೆ ಕಣೇ!” ಎಂದು ತಮ್ಮ ಕುಣಿದಾಡಿಬಿಟ್ಟ.

ಬೈದವರು ಬಂದರು, ಬರುವಾಗ ತಮ್ಮವರನ್ನೂ ಕರೆತಂದರು. ಆ ಗಂಡಹೆಂಡತಿಯ ಆಟ ಮಾತ್ರ ಅವಳ ಅಂಗಡಿಗೆ ಮತ್ತೆ ಬರಲಿಲ್ಲ. ಹೋದದ್ದು ಹೋಯಿತು. ಅಂಗಡಿ ಈಗಲೂ ನಡೆಯುತ್ತಿದೆ, ಆ ಹೆಂಗಸು ಈಗಲೂ ಬೈಯುತ್ತಾಳಂತೆ.

ಗುರುಗಳು ಕತೆ ಮುಗಿಸಿ, ಶಾಲನ್ನು ಹೆಗಲಿಗೆ ಎಳೆದುಕೊಂಡರು.

ಶಾಂತಮಲ್ಲನಿಗೆ ಕತೆ ಬಹಳ ಹಿಡಿಸಿತ್ತು. “ಎಂಥ ವ್ಯಾಪಾರಿ, ಬುದ್ಧಿ! ಎಂಥ ತಾಳ್ಮೆ! ಈ ಕತೆಯನ್ನು ತಮಿಳಿಗೆ ತಿರುಗಿಸಿ ನನ್ನ ಪ್ರವಚನದಲ್ಲಿ ಸೇರಿಸಿಕೊಳ್ಳುತ್ತೇನೆ. ಆ ಊರಿನವರು ಮೆಚ್ಚುತ್ತಾರೆ” ಎಂದ.

ಗುರುಗಳು ಅವನ ಮುಖ ನೋಡಿ ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ.

“ಆ ಊರಲ್ಲಿ ನಿನ್ನನ್ನು ಎದುರಿಗೇ ನಿಲ್ಲಿಸಿಕೊಂಡು ಬೈದವರು ಒಬ್ಬರ ಹೆಸರು ಹೇಳು ಮರಿ, ನಾಳೆಯೇ ಕಳಿಸುತ್ತೇನೆ.”